ಟೂಸಾನ್‌ನಲ್ಲಿ ಜೂನ್ ತಿಂಗಳು: ಅತ್ತೆ ಮಾವನ ಜೊತೆ ಸುತ್ತಾಡಿದ್ದು

ಅರಿಜೋನಾದ ಟೂಸಾನ್ ನೋಡೋಕೆ ಚಳಿಗಾಲದಲ್ಲೇ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಜೂನ್‌ನಲ್ಲಿ ಮಧ್ಯಾಹ್ನದ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಸಲೀಸಾಗಿ ದಾಟುತ್ತದೆ, ಸುಳ್ಳಲ್ಲ. ಆದರೆ ನಮ್ಮತ್ತೆ ಮಾವನಿಗೆ ವೀಸಾ, ಟಿಕೆಟ್ಟು, ಮೊಮ್ಮಗಳ ರಜೆ ಎಲ್ಲ ಹೊಂದಿಕೊಂಡಿದ್ದೇ ಜೂನ್‌ಗೆ. ಹಾಗಾಗಿ ನಾನು ದಿನವನ್ನೇ ಮೂರು ತುಂಡು ಮಾಡಿಕೊಂಡೆ. ಬೆಳಿಗ್ಗೆ ಒಂಬತ್ತರವರೆಗೆ ಬಯಲು. ಆಮೇಲೆ ಎಸಿ ಇರುವ ಜಾಗ, ಇಲ್ಲವೇ ಬೆಟ್ಟ. ಸೂರ್ಯ ಇಳಿದ ಮೇಲೆ ಮತ್ತೆ ಬಯಲು.

ಬೆಳಗಿನ ಹೊತ್ತು ಮೊದಲು ಸವಾರೋ ನ್ಯಾಷನಲ್ ಪಾರ್ಕ್. ಇದರ ಒಂದು ಭಾಗ ಊರಿನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಇದೆ. ಮಂಡಿನೋವು ಇರುವವರಿದ್ದರೆ ಪೂರ್ವದ್ದೇ ವಾಸಿ, ಅಲ್ಲಿ 8 ಮೈಲಿಯ ಸುತ್ತುರಸ್ತೆ ಇದೆ, ಕಾರಲ್ಲೇ ಕೂತು ನೋಡಬಹುದು, ಬೇಕಾದ ಕಡೆ ಇಳಿಯಬಹುದು. ಸವಾರೋ ಅಂದರೆ ಸಿನಿಮಾದಲ್ಲಿ ಕಾಣುವ ಆ ಕೈ ಎತ್ತಿದ ದೊಡ್ಡ ಕಳ್ಳಿ. ಮೊದಲ ಕೈ ಮೂಡೋಕೆ ಐವತ್ತು, ಎಪ್ಪತ್ತು ವರ್ಷ ಬೇಕು ಅಂದಾಗ ಅತ್ತೆ "ನನ್ನ ವಯಸ್ಸಿಗೆ ಒಂದು ಕೈ ಬಂತು ಅನ್ನು" ಅಂದರು.

ಚಳಿಗಾಲದವರಿಗೆ ಸಿಗದೇ ಇರೋದು ಇಲ್ಲೇ ಇದೆ. ಜೂನ್ ಕೊನೆಗೆ ಸವಾರೋ ಹಣ್ಣಾಗುತ್ತದೆ. ತುದಿಯಲ್ಲಿ ಹಣ್ಣು ಸೀಳಿ ಒಳಗಿನ ಕೆಂಪು ತಿರುಳು ಕಾಣುತ್ತದೆ, ಪಾರಿವಾಳದಂಥ ಹಕ್ಕಿಗಳು ಅದರೊಳಗೆ ಮುಖ ತೂರಿಸಿ ತಿಂದು ಕೊಕ್ಕು ಕೆನ್ನೆಯೆಲ್ಲ ಕೆಂಪು ಮಾಡಿಕೊಂಡಿರುತ್ತವೆ. ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನ ಈ ಹಣ್ಣನ್ನು ಒಣಗಿದ ಸವಾರೋದ ಕಡ್ಡಿಗಳನ್ನೇ ಜೋಡಿಸಿದ ಉದ್ದದ ದೋಟಿಯಿಂದ ಕೆಡವುತ್ತಾರೆ. ದುರ್ಬೀನು ಇದ್ದರೆ ತನ್ನಿ.

ಕಾರಲ್ಲಿ ಒಂದು ಬಾಚಣಿಗೆಯೂ ಇರಲಿ. ತಮಾಷೆ ಅಲ್ಲ. ಚೋಯಾ ಅನ್ನೋ ಕಳ್ಳಿಯ ತುಂಡುಗಳು ಸ್ವಲ್ಪ ತಾಗಿದರೂ ಕಳಚಿ ಬಟ್ಟೆಗೆ, ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಕೈಯಿಂದ ಕೀಳೋಕೆ ಹೋದರೆ ಕೈಗೂ ಅಂಟುತ್ತದೆ. ಮಗಳ ಪ್ಯಾಂಟಿಗೆ ಒಂದು ಹತ್ತಿಕೊಂಡಾಗ ಬಾಚಣಿಗೆಯನ್ನು ಬಟ್ಟೆಗೂ ಮುಳ್ಳುಂಡೆಗೂ ನಡುವೆ ತೂರಿಸಿ, ಯಾರೂ ಇಲ್ಲದ ಕಡೆಗೆ ಜೋರಾಗಿ ಚಿಮ್ಮಿಸಿದೆ. ಉಳಿದ ಮುಳ್ಳಿಗೆ ಚಿಮುಟ.

ಡೆಸರ್ಟ್ ಮ್ಯೂಸಿಯಂ ಅನ್ನೋ ಹೆಸರು ಕೇಳಿ ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. 1952ರಲ್ಲಿ ಶುರುವಾದ ಈ ಜಾಗ ಮುಕ್ಕಾಲು ಪಾಲು ಬಯಲೇ: ಪ್ರಾಣಿಗಳು, ಗಿಡಗಳು, ನಡೆಯೋ ದಾರಿ. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಅಲ್ಲಿನ ಹಮಿಂಗ್‌ಬರ್ಡ್ ಮನೆಯಲ್ಲಿ ಸುಮ್ನೆ ನಿಂತರೆ ಸಾಕು, ಹಕ್ಕಿಗಳು ಕಿವಿ ಪಕ್ಕದಲ್ಲೇ ಗುಂಯ್ ಅಂತ ಹೋಗುತ್ತವೆ.

ಮಧ್ಯಾಹ್ನಕ್ಕೆ ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ. ಸುಮಾರು 400 ವಿಮಾನಗಳಿವೆ, ಹೊರಗೆ ಬಿಸಿಲಲ್ಲಿ ನಿಂತಿರೋದೇ ಜಾಸ್ತಿ, ಆದರೆ ದೊಡ್ಡ ಹ್ಯಾಂಗರ್‌ಗಳ ಒಳಗಿನದ್ದನ್ನು ನೋಡೋಕೇ ಅರ್ಧ ದಿನ ಬೇಕು. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಸ್‌ಆರ್-71 ಅನ್ನೋ ಅಮೆರಿಕದ ಬೇಹುಗಾರಿಕೆ ವಿಮಾನದ ಕೆಳಗೆ ಬಗ್ಗಿ ನಿಂತವರು ಎದ್ದೇಳಲಿಲ್ಲ. ಶಬ್ದದ ಮೂರು ಪಟ್ಟು ವೇಗಕ್ಕೆ ಮೈ ಕಾದು ಹಿಗ್ಗುತ್ತದೆ ಅಂತ ಅದರ ತಗಡುಗಳ ಸಂದು ಸಡಿಲ ಬಿಟ್ಟಿದ್ದರಂತೆ, ಅದಕ್ಕೇ ನೆಲದ ಮೇಲಿದ್ದಾಗ ಇಂಧನ ಸೋರುತ್ತಿತ್ತು. ವಿವರ ಹೇಳಿದರೆ ಮಾವ ನಕ್ಕರು: "ನೋಡಮ್ಮಾ, ಇಷ್ಟು ಸೋರೋ ಗಾಡೀನ ನಾನಾಗಿದ್ರೆ ಡಿಪೋದಿಂದ ಹೊರಗೇ ಬಿಡ್ತಿರಲಿಲ್ಲ!"

ಬೆಟ್ಟ ಅಂದೆನಲ್ಲ, ಅದು ಮೌಂಟ್ ಲೆಮನ್. ಊರು ಇರೋದು ಸುಮಾರು 2,400 ಅಡಿಯಲ್ಲಿ, ಬೆಟ್ಟದ ತುದಿ 9,157 ಅಡಿ. ರಸ್ತೆ ಹತ್ತುತ್ತಾ ಹೋದ ಹಾಗೆ ಮೊದಲು ಸವಾರೋ ಮಾಯ, ಆಮೇಲೆ ಓಕ್, ಕೊನೆಗೆ ಎತ್ತರದ ಪೈನ್ ಮರಗಳು. ಮೇಲಿರುವ ಸಮರ್‌ಹೇವನ್ ಹಳ್ಳಿಯಲ್ಲಿ ಅತ್ತೆ ಸ್ವೆಟರ್ ಕೇಳಿದರು, ಜೂನ್ ಮಧ್ಯಾಹ್ನ! ಪೆಟ್ರೋಲ್ ಮಾತ್ರ ಕೆಳಗೇ ತುಂಬಿಸಿಕೊಂಡು ಹೊರಡಿ.

ಸಾನ್ ಸೇವಿಯರ್ ಚರ್ಚಿಗೂ ಹೋಗಿದ್ದೆವು. 1797ರಲ್ಲಿ ಮುಗಿದ ಬಿಳಿ ಕಟ್ಟಡ, ಎರಡು ಗೋಪುರಗಳಲ್ಲಿ ಒಂದಕ್ಕೆ ಇನ್ನೂ ಗುಮ್ಮಟ ಇಲ್ಲ. ಒಂದು ಗಂಟೆ ಸಾಕು.

ಜೂನ್ ಕಳೆದು ಜುಲೈಗೆ ಬರುವವರಿಗೆ ಇನ್ನೊಂದು ಮಾತು. ಇಲ್ಲೂ ಮಾನ್ಸೂನ್ ಇದೆ, ಲೆಕ್ಕಕ್ಕೆ ಜೂನ್ 15ರಿಂದ ಶುರು, ಮಳೆ ಹಿಡಿಯೋದು ಸಾಮಾನ್ಯವಾಗಿ ಜುಲೈನಲ್ಲಿ. ಒಣಗಿದ ಹಳ್ಳಗಳು ನಿಮಿಷಗಳಲ್ಲಿ ತುಂಬಿ ರಸ್ತೆ ಮೇಲೆ ಹರಿಯುತ್ತವೆ. ಅಡ್ಡ ಇಟ್ಟ ಬ್ಯಾರಿಕೇಡ್ ದಾಟಿ ಹೋಗಿ ಸಿಕ್ಕಿಬಿದ್ದರೆ ನಿಮ್ಮನ್ನು ಎತ್ತಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಅದಕ್ಕೆ ಅರಿಜೋನಾದಲ್ಲಿ ಕಾನೂನೇ ಇದೆ, ಜನ ಅದನ್ನು ಕರೆಯೋದು ಸ್ಟುಪಿಡ್ ಮೋಟರಿಸ್ಟ್ ಲಾ ಅಂತ.