ಕ್ಯಾರವಾನ್‌ಗೆ ಮುಂಗಡ ಕೊಡುವ ಮೊದಲು ಮಾಡಬೇಕಾದ ಲೆಕ್ಕ

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಮಲಗಲು ಅನುಕೂಲವಿರುವ ಚಕ್ರದ ಮನೆ. ಮನಸ್ಸಿಗೆ ಹಿಡಿಸಿದ ಕ್ಯಾರವಾನ್‌ಗೆ ಮೊದಲು ಮುಂಗಡ ಕೊಟ್ಟು, ಅದನ್ನು ತಮ್ಮ ಕಾರು ಎಳೆಯಬಲ್ಲದೇ ಎಂದು ಆಮೇಲೆ ವಿಚಾರಿಸುವವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಾಗೆ ಮಾಡಿದವರು ಒಂದೋ ಕಾರನ್ನು ಬದಲಾಯಿಸಬೇಕಾಗುತ್ತದೆ, ಇಲ್ಲವೇ ಅಪಾಯದ ಜೋಡಿಯೊಂದನ್ನು ರಸ್ತೆಗಿಳಿಸುತ್ತಾರೆ. ಕೆಲಸದ ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು.

ಮೊದಲು ಖರ್ಚನ್ನು ಬರೆದಿಡಿ. ವಿಮೆ, ನಿಲ್ಲಿಸುವ ಜಾಗದ ಬಾಡಿಗೆ, ವರ್ಷಕ್ಕೊಮ್ಮೆ ಬ್ರೇಕ್ ಮತ್ತು ಗ್ಯಾಸ್ ತಪಾಸಣೆ, ವರ್ಷದಿಂದ ವರ್ಷಕ್ಕೆ ಇಳಿಯುವ ಮಾರಾಟದ ಬೆಲೆ ಇವೆಲ್ಲ ನೀವು ಪ್ರವಾಸ ಹೋದರೂ ಹೋಗದಿದ್ದರೂ ತಪ್ಪದ ಖರ್ಚುಗಳು. ಟೈರುಗಳು ಸವೆಯುವ ಮೊದಲೇ ವಯಸ್ಸಾಗಿ ಬಿರಿಯುವುದರಿಂದ ಐದು ವರ್ಷಕ್ಕೊಮ್ಮೆ ಅವನ್ನು ಬದಲಾಯಿಸುವ ಹಣವನ್ನೂ ಇದಕ್ಕೆ ಸೇರಿಸಿ. ಒಟ್ಟು ಮೊತ್ತವನ್ನು ವರ್ಷದಲ್ಲಿ ನೀವು ನಿಜವಾಗಿ ಅದರಲ್ಲಿ ಮಲಗುವ ರಾತ್ರಿಗಳಿಂದ ಭಾಗಿಸಿ, ಬಂದ ಮೊತ್ತಕ್ಕೆ ತಂಗುದಾಣದ ಶುಲ್ಕವನ್ನೂ ಹೆಚ್ಚುವರಿ ಇಂಧನದ ವೆಚ್ಚವನ್ನೂ ಕೂಡಿಸಿದರೆ ಒಂದು ರಾತ್ರಿಯ ನಿಜವಾದ ಖರ್ಚು ತಿಳಿಯುತ್ತದೆ. ವರ್ಷಕ್ಕೆ ಹತ್ತು ಹನ್ನೆರಡು ರಾತ್ರಿಗಳಷ್ಟೇ ಬಳಸುವವರು ಕೊಳ್ಳುವ ಬದಲು ಬಾಡಿಗೆಗೆ ಪಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಬಳಸುವವರೂ ಮೊದಲ ವರ್ಷ ಬಾಡಿಗೆಯ ಕ್ಯಾರವಾನ್‌ನಲ್ಲೇ ಕೈ ಪಳಗಿಸಿಕೊಳ್ಳಬೇಕು.

ಎರಡನೆಯದು ತೂಕದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಾರಿನ ಮಾಹಿತಿ ಪುಸ್ತಕದಿಂದ ನಾಲ್ಕು ಅಂಕಿಗಳನ್ನು ತೆಗೆದುಕೊಳ್ಳಿ: ಖಾಲಿ ಕಾರಿನ ತೂಕ, ಜನ ಮತ್ತು ಸಾಮಾನು ಸೇರಿ ಕಾರಿಗೆ ಅನುಮತಿಸಿದ ಗರಿಷ್ಠ ತೂಕ, ಎಳೆಯಬಹುದಾದ ಗರಿಷ್ಠ ತೂಕ, ಕಾರು ಮತ್ತು ಕ್ಯಾರವಾನ್ ಎರಡೂ ಸೇರಿದ ಜೋಡಿಯ ಗರಿಷ್ಠ ತೂಕ. ಉದಾಹರಣೆಗೆ ಇವು ಕ್ರಮವಾಗಿ 1,600, 2,150, 1,800 ಮತ್ತು 3,600 ಕಿಲೋ ಎಂದಿಟ್ಟುಕೊಳ್ಳಿ. ಮಾರಾಟಗಾರರು ತೋರಿಸುವುದು 1,800 ಎಂಬ ಅಂಕಿಯನ್ನು ಮಾತ್ರ. ಆದರೆ ಕಾರು ಪೂರ್ತಿ ತುಂಬಿದ್ದರೆ 3,600ರಲ್ಲಿ 2,150 ಕಳೆದು ಕ್ಯಾರವಾನ್‌ಗೆ ಉಳಿಯುವುದು 1,450 ಕಿಲೋ. 1,800 ಕಿಲೋವನ್ನೇ ಎಳೆಯುತ್ತೇನೆಂದರೆ ಕಾರಿನೊಳಗೆ ಜನ, ಸಾಮಾನು ಎಲ್ಲ ಸೇರಿ ಸುಮಾರು 200 ಕಿಲೋ ಮಾತ್ರ ಇರಬಹುದು.

ಎಳೆಯುವ ಮಿತಿ ಎಂದರೆ ಏನೆಂಬುದನ್ನೂ ತಿಳಿದಿರಬೇಕು. ಯುರೋಪಿನ ನಿಯಮದಂತೆ, ಶೇ 12ರಷ್ಟು ಏರಿನಲ್ಲಿ ನಿಂತ ಜೋಡಿ ಐದು ನಿಮಿಷದೊಳಗೆ ಐದು ಬಾರಿ ಮತ್ತೆ ಹೊರಡಬಲ್ಲದೇ ಎಂಬ ಪರೀಕ್ಷೆ ಇದಕ್ಕೆ ಆಧಾರ. ಎಂಜಿನ್ ಎಳೆಯಬಲ್ಲದು ಎಂದಷ್ಟೇ ಅದು ಹೇಳುತ್ತದೆ. ವೇಗದಲ್ಲಿ ಕ್ಯಾರವಾನ್ ತೂಗಾಡತೊಡಗಿದರೆ ಕಾರು ಅದನ್ನು ಹಿಡಿದು ನಿಲ್ಲಿಸಬಲ್ಲದು ಎಂದು ಹೇಳುವುದಿಲ್ಲ. ಆದ್ದರಿಂದಲೇ ತುಂಬಿದ ಕ್ಯಾರವಾನ್ ಖಾಲಿ ಕಾರಿನ ತೂಕದ ಶೇ 85ನ್ನು ಮೀರಬಾರದೆಂದು ಬ್ರಿಟನ್ನಿನಲ್ಲಿ ಹೊಸಬರಿಗೆ ಸಲಹೆ ಕೊಡುತ್ತಾರೆ. ಇದು ಕಾನೂನಲ್ಲ, ಆದರೆ ನಾನು ಇದನ್ನು ಕಾನೂನಿನಂತೆಯೇ ಪಾಲಿಸುತ್ತೇನೆ. ನಮ್ಮ ಉದಾಹರಣೆಯ ಕಾರಿಗೆ ಈ ಮಿತಿ 1,360 ಕಿಲೋ.

ಕ್ಯಾರವಾನ್‌ನ ಖಾಲಿ ತೂಕವನ್ನು ನಂಬಿ ಈ ಲೆಕ್ಕ ಮಾಡಬೇಡಿ. 40 ಲೀಟರ್ ನೀರು ಎಂದರೆ 40 ಕಿಲೋ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹೊರಚಾವಣಿ, ಹಾಸಿಗೆ, ಪಾತ್ರೆಗಳು ಸೇರುತ್ತಾ ಹೋದಂತೆ ಅನುಮತಿಸಿದ ಹೊರೆ ಹೊರಡುವ ಮೊದಲೇ ಮುಗಿದಿರುತ್ತದೆ. ಎಲ್ಲವನ್ನೂ ತುಂಬಿ ಒಮ್ಮೆ ವೇ ಬ್ರಿಜ್‌ನಲ್ಲಿ ತೂಗಿಸಿ ನೋಡದೆ ದೂರದ ಪ್ರಯಾಣಕ್ಕೆ ಹೊರಡಬಾರದು.

ಕ್ಯಾರವಾನ್ ಅನ್ನು ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳುವ ಭಾರವೂ ಅಷ್ಟೇ ಮುಖ್ಯ. ಯುರೋಪಿನ ಕ್ಯಾರವಾನ್‌ಗಳಲ್ಲಿ ಇದು ಒಟ್ಟು ತೂಕದ ಶೇ 5ರಿಂದ 7ರಷ್ಟಿರಬೇಕು; ಉತ್ತರ ಅಮೆರಿಕದ ಟ್ರೈಲರ್‌ಗಳಿಗೆ ಹೇಳುವ ಪ್ರಮಾಣ ಶೇ 10ರಿಂದ 15. ಕಾರಿನ ಕೊಂಡಿಗೆ ತಯಾರಕರು ಕೊಟ್ಟ ಮಿತಿಯನ್ನೂ ಅದು ದಾಟಬಾರದು. ಈ ಭಾರ ಕಾರಿನ ಹೊರೆಯ ಲೆಕ್ಕಕ್ಕೂ ಸೇರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಭಾರದ ಸಾಮಾನುಗಳನ್ನು ಕ್ಯಾರವಾನ್‌ನ ಚಕ್ರಗಳ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರವಾಗಿ ಇಡಿ. ಹಿಂಭಾಗದಲ್ಲಿ ಪೇರಿಸಿದರೆ ಕೊಂಡಿ ಹಗುರವಾಗಿ ಕ್ಯಾರವಾನ್ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುತ್ತದೆ. ಆಗ ವೇಗ ಹೆಚ್ಚಿಸಿ ಅದನ್ನು ನೇರಗೊಳಿಸಲು ಹೋಗಬೇಡಿ. ಸ್ಟಿಯರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ.

ಕಾರಿನ ಆಯ್ಕೆ ಇನ್ನು ಸುಲಭ. ತೂಕವಿರುವ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆಚ್ಚು ಅಂತರವಿರುವ, ಕಡಿಮೆ ಆರ್‌ಪಿಎಂನಲ್ಲೇ ಒಳ್ಳೆಯ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುವ ವಾಹನವನ್ನು ಆರಿಸಿ. ನನ್ನ ಆಯ್ಕೆ ಡೀಸೆಲ್. ವಿದ್ಯುತ್ ಕಾರುಗಳು ಚೆನ್ನಾಗಿಯೇ ಎಳೆಯುತ್ತವೆ, ಆದರೆ ಒಂದು ಚಾರ್ಜ್‌ಗೆ ಓಡುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅನೇಕ ಚಾರ್ಜಿಂಗ್ ತಾಣಗಳಲ್ಲಿ ಕ್ಯಾರವಾನ್ ಬಿಚ್ಚಿಡಬೇಕಾಗುತ್ತದೆ, ಕೆಲವು ಮಾದರಿಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ.

ಕೊಂಡಿ ಹಾಕಿಸುವಾಗ ಅಗ್ಗದ ಸಾರ್ವತ್ರಿಕ ವೈರಿಂಗ್ ಕಿಟ್ ಬೇಡ. ನಿಮ್ಮ ಕಾರಿಗೆಂದೇ ತಯಾರಾದ ಕಿಟ್ ಇಲ್ಲದಿದ್ದರೆ, ಹೊಯ್ದಾಟವನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕಾರಿನಲ್ಲಿದ್ದರೂ ಕ್ಯಾರವಾನ್ ಜೋಡಿಸಿರುವುದು ಅದಕ್ಕೆ ತಿಳಿಯದೇ ಹೋಗಬಹುದು. ಕ್ಯಾರವಾನ್‌ನ ಹಿಂದಿನ ರಸ್ತೆ ಕಾಣಲು ಕಾರಿಗೆ ಹೆಚ್ಚುವರಿಯಾಗಿ ಜೋಡಿಸುವ, ಗಾಳಿಗೆ ನಡುಗುವ ಅಗ್ಗದ ಕನ್ನಡಿಗಳನ್ನೂ ಕೊಳ್ಳಬೇಡಿ; ಹಿಂದಿನಿಂದ ಬರುವ ವಾಹನ ಸ್ಪಷ್ಟವಾಗಿ ಕಾಣದಿದ್ದರೆ ಪಥ ಬದಲಿಸುವುದೇ ಅಪಾಯ.

ಬಳಸಿದ ಕ್ಯಾರವಾನ್ ಕೊಳ್ಳುವವರು ತೇವಾಂಶ ಮಾಪಕದಿಂದ ಕಿಟಕಿಯ ಮೂಲೆಗಳನ್ನೂ ಚಾವಣಿಯ ಸಂದುಗಳನ್ನೂ ಪರೀಕ್ಷಿಸಿಯೇ ಹಣ ಕೊಡಬೇಕು, ಏಕೆಂದರೆ ಗೋಡೆಯೊಳಗೆ ನೀರು ಇಳಿದ ಕ್ಯಾರವಾನ್‌ನ ದುರಸ್ತಿಗೆ ಅದರ ಬೆಲೆಯಷ್ಟೇ ಖರ್ಚಾಗಬಹುದು.