ಪೈಥಾನ್ ಸ್ಟ್ರಿಂಗ್ ಡಾಕ್ಸ್‌ನಲ್ಲಿ ದಾರಿ ತಪ್ಪಿದ ಲಿಂಕ್‌ಗಳನ್ನು ಸರಿಮಾಡುವುದು ಹೇಗೆ

ಮುರಿದ ಲಿಂಕ್ ಒಂದು ಲೆಕ್ಕಕ್ಕೆ ವಾಸಿ. ಒತ್ತಲು ಹೋದರೆ ಅಲ್ಲಿ ಲಿಂಕೇ ಇರುವುದಿಲ್ಲ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ತಪ್ಪು ಜಾಗಕ್ಕೆ ಕರೆದೊಯ್ಯುವ ಲಿಂಕ್ ಹಾಗಲ್ಲ. ಅದು ಚೆನ್ನಾಗಿ ತೆರೆಯುತ್ತದೆ, ಪುಟ ಬರುತ್ತದೆ, ಹೆಸರೂ ಅದೇ ಇರುತ್ತದೆ. ಹೊಸದಾಗಿ ಕಲಿಯುವವರು ಅದನ್ನೇ ನಂಬಿ ಓದುತ್ತಾ ಹೋಗುತ್ತಾರೆ, ತಲೆಗೆ ಹತ್ತಲಿಲ್ಲ ಅಂದರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಪೈಥಾನ್ ಭಾಷೆಯ ಡಾಕ್ಸ್‌ನಲ್ಲಿ (ಅಧಿಕೃತ ವಿವರಣೆ ಪುಟಗಳಲ್ಲಿ), ಅದರಲ್ಲೂ ಸ್ಟ್ರಿಂಗ್ ಅಂದರೆ ಪಠ್ಯದ ಬಗೆಗಿನ ಭಾಗದಲ್ಲಿ, ಈ ಎರಡನೇ ಥರದ ಲಿಂಕನ್ನು ಹಿಡಿಯುವುದು ಹೇಗೆ ಅನ್ನೋದೇ ಇಲ್ಲಿ ಮುಖ್ಯ. ಮೊದಲನೇ ಥರದ್ದನ್ನು ಯಂತ್ರವೇ ಹಿಡಿದುಕೊಡುತ್ತದೆ.

ಇದು ನಮಗೆ ಯಾಕೆ ಬೇಕು? ಹುಬ್ಬಳ್ಳಿ-ಧಾರವಾಡದಲ್ಲಿ ಪೈಥಾನ್ ಕಲಿಯುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಅವರಲ್ಲಿ ಯಾರೋ ಒಬ್ಬರು ಊರಿನ ಹೆಸರು ಬರೀ ಅಕ್ಷರದಲ್ಲೇ ಇದೆಯಾ ಎಂದು ನೋಡಲು ಈಸ್‌ಆಲ್ಫಾ ಮೆಥಡ್ ಬಳಸುತ್ತಾರೆ ಅಂದುಕೊಳ್ಳಿ. ‘ಗದಗ’ ಕೊಟ್ಟರೆ ಟ್ರೂ ಬರುತ್ತದೆ. ‘ಹುಬ್ಬಳ್ಳಿ’ ಕೊಟ್ಟರೆ ಫಾಲ್ಸ್. ‘ಹಾವೇರಿ’ಗೂ ಫಾಲ್ಸ್. ಕೊಂಬು, ಗುಡಿಸು, ಒತ್ತಕ್ಷರ ಮಾಡುವ ಚಿಹ್ನೆ ಇವೆಲ್ಲ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ‘ಗದಗ’ದಲ್ಲಿ ಅವು ಯಾವುದೂ ಇಲ್ಲ, ಅದಕ್ಕೇ ಪಾಸಾಯಿತು. ಉದ್ದ ಕೇಳಿದರೂ ಇದೇ ಕಥೆ: ‘ಹುಬ್ಬಳ್ಳಿ’ಗೆ ಲೆನ್ ಫಂಕ್ಷನ್ 9 ಎನ್ನುತ್ತದೆ. ‘ಹಾವೇರಿ’ಗೆ 6 ಬರುತ್ತದೆ, ಆದರೆ ಅದೇ ಹೆಸರನ್ನು ಎನ್‌ಎಫ್‌ಡಿ ಎಂಬ, ಗುರುತುಗಳನ್ನು ಬಿಡಿ ಬಿಡಿಯಾಗಿ ಇಡುವ ಯೂನಿಕೋಡ್ ರೂಪಕ್ಕೆ ಬಿಡಿಸಿದರೆ 7, ಯಾಕೆಂದರೆ ಏತ್ವ ಅಲ್ಲಿ ಎರಡು ತುಂಡಾಗುತ್ತದೆ. ಇಂಗ್ಲಿಷ್ ಹೆಸರುಗಳೊಂದಿಗೆ ಮಾತ್ರ ಕೆಲಸ ಮಾಡುವವರಿಗೆ ಈ ಗೊಂದಲ ಅಷ್ಟಾಗಿ ಬರುವುದಿಲ್ಲ. ನಮ್ಮವರಿಗೆ ಮೊದಲ ದಿನವೇ ಬರುತ್ತದೆ, ಉತ್ತರ ಹುಡುಕಿಕೊಂಡು ಡಾಕ್ಸ್‌ಗೆ ಹೋಗುತ್ತಾರೆ. ಅಲ್ಲಿಂದ ಯೂನಿಕೋಡ್‌ಡೇಟಾ ಮಾಡ್ಯೂಲ್‌ಗೆ, ಯೂನಿಕೋಡ್ ಕೈಪಿಡಿಗೆ ಹೋಗುವ ಲಿಂಕ್ ಸರಿಯಾಗಿ ಇರಲೇಬೇಕು, ಅಲ್ವಾ?

ಸರಿ, ಕೆಲಸಕ್ಕೆ ಬರೋಣ. ಕೋಡ್ ಸಾಲುಗಳನ್ನೂ ನಾನಿಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಫೈಲಿನಲ್ಲಿ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಯಾವುದು ಎಲ್ಲಿದೆ ಎಂದು ತಿಳಿದುಕೊಳ್ಳಿ. ಪೈಥಾನ್ ಡಾಕ್ಸ್‌ನ ಮೂಲ ಸಿಪೈಥಾನ್ (ಪೈಥಾನ್‌ನ ಮುಖ್ಯ ಆವೃತ್ತಿಯ ಕೋಡ್) ರೆಪೊಸಿಟರಿಯಲ್ಲೇ, ಡಾಕ್ ಎಂಬ ಫೋಲ್ಡರ್‌ನಲ್ಲಿ ಇದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಗುರುತುಗಳ ಬರಹದಲ್ಲಿ ಬರೆದಿರುತ್ತಾರೆ, ಸ್ಫಿಂಕ್ಸ್ ಎಂಬ ಪ್ರೋಗ್ರಾಂ ಅದನ್ನು ವೆಬ್ ಪುಟ ಮಾಡುತ್ತದೆ. ಸ್ಟ್ರಿಂಗ್ ವಿಷಯ ಒಂದೇ ಫೈಲಿನಲ್ಲಿ ಇಲ್ಲ. ಸ್ಪ್ಲಿಟ್, ಜಾಯಿನ್, ಫಾರ್ಮ್ಯಾಟ್ ಥರದ ಮೆಥಡ್‌ಗಳು ಲೈಬ್ರರಿ ಫೋಲ್ಡರ್‌ನ ಎಸ್‌ಟಿಡಿಟೈಪ್ಸ್ ಫೈಲಿನಲ್ಲಿವೆ. ಫಾರ್ಮ್ಯಾಟರ್, ಟೆಂಪ್ಲೇಟ್ ಕ್ಲಾಸ್‌ಗಳು ಮತ್ತು ಫಾರ್ಮ್ಯಾಟ್ ಬರೆಯುವ ನಿಯಮಗಳು ಪಕ್ಕದ ಸ್ಟ್ರಿಂಗ್ ಫೈಲಿನಲ್ಲಿವೆ. ಎಫ್-ಸ್ಟ್ರಿಂಗ್ ವ್ಯಾಕರಣ ರೆಫರೆನ್ಸ್ ಫೋಲ್ಡರ್‌ನ ಲೆಕ್ಸಿಕಲ್ ಅನಾಲಿಸಿಸ್ ಫೈಲಿನಲ್ಲಿದೆ. ಹೀಗೆ ಹರಡಿರುವುದರಿಂದಲೇ ಇಲ್ಲಿ ಅಡ್ಡ ಲಿಂಕ್‌ಗಳು ಜಾಸ್ತಿ, ತಪ್ಪುವ ಜಾಗವೂ ಜಾಸ್ತಿ.

ರೆಪೊಸಿಟರಿಯನ್ನು ಫೋರ್ಕ್ ಮಾಡಿ (ನಿಮ್ಮ ಖಾತೆಗೆ ಒಂದು ಪ್ರತಿ), ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿ (ಅದನ್ನು ಇಳಿಸಿಕೊಂಡು), ಡಾಕ್ ಫೋಲ್ಡರ್‌ಗೆ ಹೋಗಿ ‘ಮೇಕ್ ವೆನ್ವ್’, ಆಮೇಲೆ ‘ಮೇಕ್ ಎಚ್‌ಟಿಎಂಎಲ್’ ಕೊಡಿ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಬದಲಾದ ಫೈಲನ್ನಷ್ಟೇ ಕಟ್ಟುತ್ತದೆ.

ಲಿಂಕ್ ಹೀಗೆ ಕಾಣುತ್ತದೆ:

:ಮೆಥ್:`ಸ್ಟ್ರ್.ಸ್ಪ್ಲಿಟ್`

ಎರಡು ಕೋಲನ್ ನಡುವೆ ಇರುವುದು ರೋಲ್, ಅಂದರೆ ಗುರಿ ಯಾವ ಬಗೆಯದು ಎಂಬ ಗುರುತು: ಮೆಥಡ್‌ಗೆ ಮೆಥ್, ಫಂಕ್ಷನ್‌ಗೆ ಫಂಕ್, ಕ್ಲಾಸ್‌ಗೆ ಕ್ಲಾಸ್, ಮಾಡ್ಯೂಲ್‌ಗೆ ಮಾಡ್. ಬ್ಯಾಕ್‌ಟಿಕ್ (`) ನಡುವೆ ಇರುವುದು ಗುರಿ, ಅಂದರೆ ಲಿಂಕ್ ಹೋಗಬೇಕಾದ ಹೆಸರು. ಗುರಿ ಸಿಗದಿದ್ದರೆ ಸ್ಫಿಂಕ್ಸ್ ಸುಮ್ನೆ ಲಿಂಕ್ ಬಿಟ್ಟು ಅಕ್ಷರವನ್ನಷ್ಟೇ ಹಾಕುತ್ತದೆ. ಅದು ಬಾಯಿಬಿಟ್ಟು ಹೇಳಬೇಕೆಂದರೆ ನಿಟ್‌ಪಿಕಿ ಎಂಬ ಸೆಟ್ಟಿಂಗ್ ಆನ್ ಇರಬೇಕು, ಅಥವಾ ಸ್ಫಿಂಕ್ಸ್ ಓಡಿಸುವಾಗ ‘-ಎನ್’ ಕೊಡಬೇಕು. ಸಿಪೈಥಾನ್‌ನಲ್ಲಿ ಟೂಲ್ಸ್ ಫೋಲ್ಡರ್ ಒಳಗೆ ನಿಟ್‌ಇಗ್ನೋರ್ ಎಂಬ ಪಟ್ಟಿ ಇದೆ. ಹಳೆಯ ವಾರ್ನಿಂಗ್‌ಗಳು ಇನ್ನೂ ಉಳಿದಿರುವ ಫೈಲುಗಳ ಹೆಸರು ಅದರಲ್ಲಿ ಇರುತ್ತವೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ಆ ಪಟ್ಟಿಯನ್ನೇ ತೋರಿಸುತ್ತೇನೆ.

ಸತ್ತ ಗುರಿಗಳಲ್ಲಿ ಕೆಲವು ಪೈಥಾನ್ 2ರ ಕಾಲದವು. ಆಗ ಜಾಯಿನ್, ಸ್ಪ್ಲಿಟ್ ಎಲ್ಲ ಸ್ಟ್ರಿಂಗ್ ಮಾಡ್ಯೂಲ್‌ನ ಫಂಕ್ಷನ್‌ಗಳಾಗಿಯೂ ಇದ್ದವು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅವನ್ನು ತೆಗೆದರು. ಹಾಗಾಗಿ ಸ್ಟ್ರಿಂಗ್.ಜಾಯಿನ್ ಎಂದು ಎಲ್ಲಾದರೂ ಕಂಡರೆ ಸ್ಟ್ರ್.ಜಾಯಿನ್ ಎಂದು ತಿದ್ದಿ, ರೋಲನ್ನೂ ಫಂಕ್‌ನಿಂದ ಮೆಥ್‌ಗೆ ಬದಲಿಸಿ. ಆದರೆ ಕಣ್ಣುಮುಚ್ಚಿ ಎಲ್ಲವನ್ನೂ ಬದಲಿಸಬೇಡಿ. ಸ್ಟ್ರಿಂಗ್.ಕ್ಯಾಪ್‌ವರ್ಡ್ಸ್ ಇನ್ನೂ ಮಾಡ್ಯೂಲ್‌ನಲ್ಲೇ ಇದೆ. ಸ್ಟ್ರ್.ಡೀಕೋಡ್ ಅನ್ನುವುದು ಈಗ ಇಲ್ಲವೇ ಇಲ್ಲ, ಅದು ಬೈಟ್ಸ್.ಡೀಕೋಡ್ ಆಗಬೇಕು. ಹಳೆಯ ಆವೃತ್ತಿಯ ಬಗ್ಗೆಯೇ ಮಾತಾಡುವ ವಾಕ್ಯವಾದರೆ ಗುರಿಯ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಆಗ ಅಕ್ಷರದ ರೂಪ ಉಳಿಯುತ್ತದೆ, ಲಿಂಕ್ ಆಗುವುದಿಲ್ಲ, ವಾರ್ನಿಂಗೂ ಬರುವುದಿಲ್ಲ.

ಇನ್ನು ನಿಜವಾದ ತೊಂದರೆ. ಈ ಸಾಲು ನೋಡಿ:

:ಮೆಥ್:`ಫಾರ್ಮ್ಯಾಟ್`

ಇದು ಎಲ್ಲಿಗೆ ಹೋಗುತ್ತದೆ? ಫಾರ್ಮ್ಯಾಟ್ ಎಂಬ ಹೆಸರು ಕನಿಷ್ಠ ಮೂರು ಕಡೆ ಇದೆ: ಬಿಲ್ಟ್-ಇನ್ ಫಂಕ್ಷನ್ ಒಂದು, ಸ್ಟ್ರ್ ಕ್ಲಾಸ್‌ನ ಮೆಥಡ್ ಒಂದು, ಸ್ಟ್ರಿಂಗ್.ಫಾರ್ಮ್ಯಾಟರ್‌ನ ಮೆಥಡ್ ಇನ್ನೊಂದು. ‘ಹಳೇ ಬಸ್ ಸ್ಟ್ಯಾಂಡ್‌ಗೆ ಬಾ’ ಅಂದರೆ ಹುಬ್ಬಳ್ಳಿಯಲ್ಲೂ ಒಂದಿದೆ, ಧಾರವಾಡದಲ್ಲೂ ಒಂದಿದೆ, ಊರು ಹೇಳದಿದ್ದರೆ ಹೊರಟವನು ಯಾವುದೋ ಒಂದಕ್ಕೆ ಹೋಗಿ ಕಾಯುತ್ತಾನೆ. ಸ್ಫಿಂಕ್ಸ್ ಕೂಡ ಹಾಗೇ. ಅದು ಮೊದಲು ಹೆಸರನ್ನು ಇದ್ದ ಹಾಗೇ ಹುಡುಕುತ್ತದೆ. ಬಿಲ್ಟ್-ಇನ್ ಫಾರ್ಮ್ಯಾಟ್ ಸಿಕ್ಕಿತು ಅಂದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ನೀವು ಮೆಥ್ ಎಂದು ಬರೆದಿದ್ದರೂ ಸಿಕ್ಕಿದ್ದು ಫಂಕ್ಷನ್ ಆದರೂ ಅದು ತಕರಾರು ಮಾಡುವುದಿಲ್ಲ. ನಿಟ್‌ಪಿಕಿಯೂ ಸುಮ್ಮನಿರುತ್ತದೆ, ಯಾಕೆಂದರೆ ಅದರ ದೃಷ್ಟಿಯಲ್ಲಿ ಗುರಿ ಸಿಕ್ಕಿದೆ. ಬಿಲ್ಡ್ ಹಸಿರು, ಅಂದರೆ ಪುಟ ಕಟ್ಟುವ ಕೆಲಸ ತಕರಾರಿಲ್ಲದೆ ಮುಗಿಯುತ್ತದೆ, ಓದುಗರಿಗೆ ಮಾತ್ರ ಬೇರೆ ಪುಟ.

ಪರಿಹಾರ ಸರಳ: ಪೂರ್ತಿ ಹೆಸರು ಬರೆಯಿರಿ. ಹೆಸರಿನ ಮುಂದೆ ಚುಕ್ಕೆ ಇಟ್ಟರೆ ಹುಡುಕುವ ಕ್ರಮ ತಿರುಗುಮುರುಗಾಗುತ್ತದೆ, ಈಗಿರುವ ಕ್ಲಾಸ್ ಮತ್ತು ಮಾಡ್ಯೂಲ್‌ನಲ್ಲೇ ಮೊದಲು ನೋಡುತ್ತದೆ ಎನ್ನುವುದು ನಿಜ. ಆದರೂ ನನಗೆ ಅದು ಇಷ್ಟವಿಲ್ಲ. ನಾಳೆ ಯಾರೋ ಆ ಪ್ಯಾರಾವನ್ನು ಬೇರೆ ಕಡೆಗೆ ಸಾಗಿಸಿದರೆ ಗುರಿ ಸದ್ದಿಲ್ಲದೆ ಬದಲಾಗಬಹುದು. ಪೂರ್ತಿ ಹೆಸರಿಗೆ ಆ ಭಯವಿಲ್ಲ.

ಇದೇ ಕಾರಣಕ್ಕೆ ಕಾಪಿ-ಪೇಸ್ಟ್ ಮಾಡುವಾಗ ಹುಷಾರು. ಸ್ಟ್ರ್.ಸ್ಪ್ಲಿಟ್ ವಿವರಣೆಯ ಒಳಗೆ, ಅಂದರೆ ಒಳಸರಿದ ಸಾಲುಗಳಲ್ಲಿ, ಬರೀ ಆರ್‌ಸ್ಪ್ಲಿಟ್ ಎಂದು ಬರೆದರೂ ಅದು ಸ್ಟ್ರ್.ಆರ್‌ಸ್ಪ್ಲಿಟ್‌ಗೆ ಹೋಗುತ್ತದೆ, ಯಾಕೆಂದರೆ ಅಲ್ಲಿ ಚಾಲ್ತಿಯಲ್ಲಿರುವ ಕ್ಲಾಸ್ ಸ್ಟ್ರ್. ಅದೇ ಸಾಲನ್ನು ಬೈಟ್ಸ್ ವಿವರಣೆಗೆ ಅಂಟಿಸಿದರೆ ಗುರಿ ಬದಲಾಗುತ್ತದೆ, ಸ್ಟ್ರ್.ಆರ್‌ಸ್ಪ್ಲಿಟ್‌ಗೆ ಹೋಗುವುದಿಲ್ಲ. ಎರಡರಿಂದಲೂ ಹೊರಗೆ, ಸಾದಾ ಪ್ಯಾರಾದಲ್ಲಿ ಹಾಕಿದರೆ ಲಿಂಕೇ ಇಲ್ಲ.

ಪೈಥಾನ್ 3.14ರಿಂದ ಇನ್ನೊಂದು ಜೋಡಿ ಹೆಸರು ಸೇರಿದೆ. ಹಳೆಯ ಸ್ಟ್ರಿಂಗ್.ಟೆಂಪ್ಲೇಟ್ ಡಾಲರ್ ಗುರುತಿನ ಜಾಗ ತುಂಬುವ ಕ್ಲಾಸ್. ಹೊಸ ಟಿ-ಸ್ಟ್ರಿಂಗ್‌ನಿಂದ ಸಿಗುವುದು ಸ್ಟ್ರಿಂಗ್.ಟೆಂಪ್ಲೇಟ್‌ಲಿಬ್.ಟೆಂಪ್ಲೇಟ್. ಎರಡೂ ಬೇರೆ ಬೇರೆ, ಒಂದರ ಬಗ್ಗೆ ಓದಿ ಇನ್ನೊಂದನ್ನು ಬಳಸಲು ಆಗುವುದಿಲ್ಲ. ಇಲ್ಲಿ ಹೆಸರನ್ನು ಮೊಟಕು ಮಾಡಲೇಬೇಡಿ.

ಗುರಿಯ ಮುಂದೆ ಟಿಲ್ಡೆ (~) ಹಾಕಿದರೆ ಪುಟದಲ್ಲಿ ಕೊನೆಯ ತುಂಡು ಮಾತ್ರ ಕಾಣುತ್ತದೆ, ಲಿಂಕ್ ಪೂರ್ತಿ ಹೆಸರಿಗೇ ಹೋಗುತ್ತದೆ. ಉದ್ದನೆಯ ಹೆಸರಿಗೆ ಒಳ್ಳೆಯದು. ಸ್ಟ್ರ್ ಮೆಥಡ್‌ಗಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ಟ್ರ್ ಎಂಬ ಆ ಪುಟ್ಟ ಮುಂಭಾಗವೇ ಇದು ಯಾರ ಮೆಥಡ್ ಎಂದು ಕಲಿಯುವವರಿಗೆ ಹೇಳಿಕೊಡುತ್ತದೆ.

ಒಂದು ವಿಭಾಗಕ್ಕೇ ಲಿಂಕ್ ಕೊಡಬೇಕಾದರೆ ರೆಫ್ ರೋಲ್ ಬಳಸಿ. ಫಾರ್ಮ್ಯಾಟ್ ನಿಯಮಗಳ ವಿಭಾಗದ ಲೇಬಲ್ ಫಾರ್ಮ್ಯಾಟ್‌ಸ್ಟ್ರಿಂಗ್ಸ್, ಅದರ ಒಳಗಿನ ಕಿರುಭಾಷೆಯದ್ದು ಫಾರ್ಮ್ಯಾಟ್‌ಸ್ಪೆಕ್. ಲೇಬಲ್ ಇಡುವಾಗ ಮುಂದೆ ಅಂಡರ್‌ಸ್ಕೋರ್ ಇರುತ್ತದೆ, ಕರೆಯುವಾಗ ಇರಬಾರದು. ಇಲ್ಲಿ ಎಡವುವವರು ಬಹಳ. ಶೀರ್ಷಿಕೆಯ ಮೇಲೆ ಇಲ್ಲದ ಲೇಬಲ್‌ಗೆ ಲಿಂಕ್ ಕೊಡುವುದಾದರೆ ತೋರಿಸಬೇಕಾದ ಮಾತನ್ನು ನೀವೇ ಬರೆಯಬೇಕು.

ತಿದ್ದಿದ ಮೇಲೆ ಮತ್ತೆ ಬಿಲ್ಡ್ ಮಾಡಿ, ಪುಟವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಈಗ ಪ್ರತಿ ಲಿಂಕಿನ ಮೇಲೆ ಮೌಸ್ ಇಟ್ಟು ಕೆಳಗೆ ಮೂಡುವ ವಿಳಾಸದಲ್ಲಿ # ಗುರುತಿನ ಆಚೆ ಏನಿದೆ ಎಂದು ಓದಿ. ‘ಸ್ಟ್ರ್.ಫಾರ್ಮ್ಯಾಟ್’ ಎಂದಿದ್ದರೆ ಸರಿ. ಬರೀ ‘ಫಾರ್ಮ್ಯಾಟ್’ ಎಂದಿದ್ದರೆ ಬಿಲ್ಟ್-ಇನ್ ಫಂಕ್ಷನ್‌ಗೆ ಹೋಗಿದೆ. ಈ ಕೆಲಸವನ್ನು ಬೇರೆ ಯಾವ ವಾರ್ನಿಂಗೂ ನಿಮಗಾಗಿ ಮಾಡುವುದಿಲ್ಲ, ಬೇಸರವಾದರೂ ಮಾಡಿ. ಸಾಧ್ಯವಾದರೆ ಪಕ್ಕದಲ್ಲಿ ಪೈಥಾನ್ ಈಗಷ್ಟೇ ಶುರುಮಾಡಿದ ಗೆಳೆಯರನ್ನೋ ತಂಗಿಯನ್ನೋ ಕೂರಿಸಿಕೊಂಡು, ಲಿಂಕ್ ಒತ್ತುವ ಮೊದಲು ‘ಇಲ್ಲಿ ಏನು ಸಿಗಬಹುದು?’ ಎಂದು ಕೇಳಿ ನೋಡಿ. ಅವರು ಹೇಳಿದ್ದೂ ತೆರೆದ ಪುಟವೂ ಬೇರೆಯಾದರೆ ಅಲ್ಲಿ ವಾಕ್ಯವನ್ನೂ ತಿದ್ದಬೇಕಾಗಬಹುದು.

ಸಿಕ್ಕಿದ್ದಕ್ಕೆಲ್ಲ ಲಿಂಕ್ ಹಾಕಬೇಡಿ. ಒಂದು ಪ್ಯಾರಾದಲ್ಲಿ ಹೆಸರು ಮೊದಲ ಸಲ ಬಂದಾಗ ಸಾಕು. ಸ್ಟ್ರ್.ಸ್ಪ್ಲಿಟ್ ವಿವರಣೆಯ ಒಳಗೇ ಸ್ಟ್ರ್.ಸ್ಪ್ಲಿಟ್‌ಗೆ ಲಿಂಕ್ ಕೊಟ್ಟರೆ ಓದುಗರು ಇದ್ದಲ್ಲೇ ಸುತ್ತುತ್ತಾರೆ, ಅಲ್ಲಿಯೂ ಆಶ್ಚರ್ಯಸೂಚಕ ಹಾಕಿ.

ನಿಮ್ಮದೇ ಪ್ರಾಜೆಕ್ಟಿನ ಡಾಕ್ಸ್‌ನಿಂದ ಪೈಥಾನ್ ಡಾಕ್ಸ್‌ಗೆ ಲಿಂಕ್ ಬೇಕಾದರೆ ಇಂಟರ್‌ಸ್ಫಿಂಕ್ಸ್ ಎಕ್ಸ್‌ಟೆನ್ಶನ್ ಸೇರಿಸಿ. ಉಳಿದ ನಿಯಮಗಳೆಲ್ಲ ಇವೇ.

ಕೊನೆಗೆ ಪುಲ್ ರಿಕ್ವೆಸ್ಟ್, ಅಂದರೆ ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ. ಮೇನ್ ಬ್ರಾಂಚಿನಿಂದ ಹೊಸ ಬ್ರಾಂಚ್ ತೆಗೆಯಿರಿ, ಒಂದು ಫೈಲಿಗೆ ಒಂದು ರಿಕ್ವೆಸ್ಟ್ ಸಾಕು. ನೋಡುವವರೂ ಪ್ರತಿ ಲಿಂಕ್ ಒತ್ತಿ ನೋಡಬೇಕಲ್ಲ, ಅವರ ಹೊರೆ ಹೆಚ್ಚಿಸಬೇಡಿ. ಮೊದಲ ಸಲವಾದರೆ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಕೇಳುತ್ತಾರೆ, ಆನ್‌ಲೈನ್‌ನಲ್ಲೇ ಆಗುತ್ತದೆ. ವಿವರಣೆಯಲ್ಲಿ ‘ಲಿಂಕ್ ಸರಿಮಾಡಿದೆ’ ಎಂದು ಬಿಟ್ಟುಬಿಡದೆ, ಮೊದಲು ಯಾವ ವಿಳಾಸಕ್ಕೆ ಹೋಗುತ್ತಿತ್ತು, ಈಗ ಯಾವುದಕ್ಕೆ ಹೋಗುತ್ತದೆ ಎಂದು ಎರಡನ್ನೂ ಬರೆಯಿರಿ. ಹಳೆಯ ಆವೃತ್ತಿಗಳ ಡಾಕ್ಸ್‌ಗೂ ಅದೇ ತಿದ್ದುಪಡಿ ಬೇಕೆನಿಸಿದರೆ ಅದನ್ನೂ ಹೇಳಿ. ನಿರ್ವಾಹಕರು ಒಪ್ಪಿ ಬ್ಯಾಕ್‌ಪೋರ್ಟ್ (ಹಳೆಯ ಆವೃತ್ತಿಗೂ ಒಯ್ಯಿರಿ ಎಂಬ) ಲೇಬಲ್ ಅಂಟಿಸಿದರೆ, ನಕಲು ಮಾಡುವ ಕೆಲಸವನ್ನು ಬಾಟ್ ಎಂಬ ತಾನಾಗಿ ಓಡುವ ಪ್ರೋಗ್ರಾಂ ಶುರುಮಾಡುತ್ತದೆ.