ಬೆಳಗಾವಿಯ ಹವೆಯಲ್ಲಿ ಅಕೌಸ್ಟಿಕ್ ಗಿಟಾರ್ ಕಟ್ಟುವ ಬಗೆ

ಗಿಟಾರ್ ಕಟ್ಟಲು ಕಲಿಸುವ ಕೋರ್ಸಿಗೆ ಸೇರಬೇಕೆನ್ನುವವರು ಮೊದಲು ಕೇಳುವುದು ಯಾವ ಮರ ತರಬೇಕು ಎಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಅದಕ್ಕೂ ಮುಂಚೆ ಯಾವ ತಿಂಗಳಲ್ಲಿ ಕಟ್ಟಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನನ್ನ ಮೊದಲ ಗಿಟಾರಿನ ಬೆನ್ನಹಲಗೆಗೆ ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಳಪಟ್ಟಿಗಳನ್ನು, ಅಂದರೆ ಹಲಗೆಗೆ ಒಳಗಿನಿಂದ ಬಲ ಕೊಡುವ ಮರದ ಪಟ್ಟಿಗಳನ್ನು, ಅಂಟಿಸಿದ್ದೆ. ಮರುವರ್ಷ ಏಪ್ರಿಲ್‌ನಲ್ಲಿ ಅದನ್ನು ವಿಜಯಪುರದ ಸೋದರಮಾವನ ಮನೆಗೆ ಒಯ್ದು ಎಂಟು ದಿನ ಇಟ್ಟುಕೊಂಡಿದ್ದಾಗ, ಒಂದು ಮಧ್ಯಾಹ್ನ ಒಣಗಿದ ತೊಗರಿಕಟ್ಟಿಗೆ ಮುರಿದಂತಹ ಸದ್ದಾಯಿತು. ಚೀಲ ಬಿಚ್ಚಿ ನೋಡಿದರೆ ಬೆನ್ನಹಲಗೆಯ ನಡುವಿನಿಂದ ನಾಲ್ಕು ಬೆರಳು ಆಚೆಗೆ ಉದ್ದಕ್ಕೂ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಮರವು ಗಾಳಿಯ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಅಗಲಕ್ಕೇ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಹಲಗೆಯ ಅಡ್ಡಕ್ಕೆ ಅಂಟಿಸಿದ ಪಟ್ಟಿಯ ಉದ್ದ ಹಾಗೆಯೇ ಉಳಿಯುವುದರಿಂದ ಹಲಗೆಗೆ ಕುಗ್ಗಲು ಎಡೆ ಸಿಗುವುದಿಲ್ಲ, ಕೊನೆಗೆ ಅದು ಸೀಳುತ್ತದೆ. ಗಿಟಾರಿಗೆ ಬಳಸುವ ಸ್ಪ್ರೂಸ್ ಎಂಬ ಮರದ, 400 ಮಿಲಿಮೀಟರ್ ಅಗಲದ ಹಲಗೆಯೊಂದು ಶೇಕಡಾ 80ರ ಆರ್ದ್ರತೆಗೆ ಹೊಂದಿಕೊಂಡಿದ್ದು, ಆಮೇಲೆ ಶೇಕಡಾ 30ರ ಗಾಳಿಗೆ ಬಂದರೆ ಐದಾರು ಮಿಲಿಮೀಟರ್ ಕುಗ್ಗಲು ಹವಣಿಸುತ್ತದೆ. ಆದ್ದರಿಂದ ಪಟ್ಟಿ ಅಂಟಿಸುವ ಕೆಲಸವನ್ನು ಶೇಕಡಾ 45ರ ಆಸುಪಾಸಿನ ಆರ್ದ್ರತೆಯಲ್ಲೇ ಮಾಡಬೇಕು. ಒಣ ಹವೆಯಲ್ಲಿ ಕಟ್ಟಿದ ವಾದ್ಯ ಮಳೆಗಾಲದಲ್ಲಿ ಸ್ವಲ್ಪ ಉಬ್ಬಿ ಮತ್ತೆ ಇಳಿಯುತ್ತದೆ. ತೇವದಲ್ಲಿ ಕಟ್ಟಿದ್ದು ಮಾತ್ರ ಬೇಸಿಗೆಯಲ್ಲಿ ಒಡೆಯುತ್ತದೆ. ಬೆಳಗಾವಿಯವರಿಗೆ ಇದಕ್ಕೆ ಅನುಕೂಲವಾದ ಕಾಲ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಗಾಳಿಯ ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರನ್ನು ಕೊಂಡು, ಅದು ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪನ್ನು ನೀರಿನಿಂದ ಕೆಸರಿನಂತೆ ಕಲೆಸಿ, ಎರಡನ್ನೂ ಬಿಗಿಯಾದ ಡಬ್ಬಿಯಲ್ಲಿ ಒಂದು ದಿನ ಇಡಬೇಕು. ಡಬ್ಬಿಯೊಳಗೆ ಶೇಕಡಾ 75 ತೋರಿಸಬೇಕು. ಹೆಚ್ಚು ಕಡಿಮೆ ಇದ್ದರೆ ಆ ವ್ಯತ್ಯಾಸವನ್ನು ಅದರ ಬೆನ್ನ ಮೇಲೆ ಬರೆದಿಟ್ಟುಕೊಂಡರಾಯಿತು. ಮಳೆಗಾಲದಲ್ಲೇ ಕೆಲಸ ಮಾಡಲೇಬೇಕಾದವರು ಪ್ಲೈವುಡ್ಡಿನ ಹಳೆಯ ಕಪಾಟಿನಲ್ಲಿ 60 ವಾಟ್‌ನ ಹಳೆಯ ಕಾಲದ ಬಲ್ಬ್ ಉರಿಸಿ, ಹಲಗೆ ಮತ್ತು ಪಟ್ಟಿಗಳನ್ನು ಅದರಿಂದ ದೂರದಲ್ಲಿ ಒಂದೆರಡು ವಾರ ಇಟ್ಟು, ತೆಗೆದ ಕೂಡಲೇ ಅಂಟಿಸಬಹುದು.

ಕೋರ್ಸನ್ನು ಆರಿಸುವಾಗಲೂ ಇದೇ ಮೊದಲ ಪರೀಕ್ಷೆ. ಕಾರ್ಯಾಗಾರದ ಗೋಡೆಯ ಮೇಲೆ ಹೈಗ್ರೋಮೀಟರ್ ಇಲ್ಲದಿದ್ದರೆ ಅಲ್ಲಿಂದ ಹಿಂದಿರುಗುವುದು ಲೇಸು. ಎರಡು ಮೂರು ವಾರಗಳಲ್ಲಿ ಗಿಟಾರನ್ನು ಕೈಗೆ ಕೊಡುವ ಕೋರ್ಸುಗಳಲ್ಲಿ ಪಕ್ಕಪಟ್ಟಿಗಳನ್ನು ಮೊದಲೇ ಬಾಗಿಸಿ, ಕತ್ತನ್ನು ಯಂತ್ರದಲ್ಲಿ ಕೆತ್ತಿ, ಅದರ ಮೇಲೆ ಬೆರಳೂರುವ ಫ್ರೆಟ್‌ಬೋರ್ಡಿಗೆ ಕಚ್ಚು ಹಾಕಿ ಇಟ್ಟಿರುವುದುಂಟು. ಅದು ತಪ್ಪಲ್ಲ, ಆದರೆ ಏನನ್ನು ನಿಮ್ಮ ಕೈಯಿಂದ ಮಾಡಿಸುತ್ತಾರೆ ಎಂಬುದನ್ನು ಹಣ ಕಟ್ಟುವ ಮುಂಚೆಯೇ ಕೇಳಿಕೊಳ್ಳಬೇಕು. ತಂತಿಗಳ ಕೆಳಗಿರುವ ಮೇಲ್ಹಲಗೆಯನ್ನು ತೆಳುಗೊಳಿಸುವುದು, ಒಳಪಟ್ಟಿ ಕೆತ್ತುವುದು, ಕತ್ತಿನ ಕೋನ ಕೂಡಿಸುವುದು, ಈ ಮೂರನ್ನು ಸ್ವತಃ ಮಾಡಲು ಬಿಡದ ಕೋರ್ಸಿನಲ್ಲಿ ಕಲಿಯುವುದು ಬರಿಯ ಜೋಡಣೆ. ಹೋಗುವ ಮೊದಲು ಮನೆಯಲ್ಲಿ ಉಳಿ ಮತ್ತು ಉಜ್ಜುಗೊರಡಿನ ಅಲಗನ್ನು ಸಾಣೆ ಹಿಡಿಯಲು ಕಲಿತಿರಬೇಕು. ಉಜ್ಜುಗೊರಡನ್ನು ನಮ್ಮ ಕಡೆಯ ಬಡಿಗೇರರು ರಂದಾ ಎನ್ನುತ್ತಾರೆ. ಅವರ ಹತ್ತಿರ ಎರಡು ಭಾನುವಾರ ಕುಳಿತರೆ ಕೋರ್ಸಿನ ನಾಲ್ಕು ದಿನ ಉಳಿಯುತ್ತದೆ.

ಮರದ ವಿಷಯದಲ್ಲಿ ಹಣವನ್ನು ಮೇಲ್ಹಲಗೆಗೆ ಸುರಿದು, ಉಳಿದ ಕಡೆ ಕೈ ಬಿಗಿ ಹಿಡಿಯಬಹುದು. ಸ್ಪೇನಿನ ಆಂಟೋನಿಯೊ ದೆ ತೊರ್ರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಎಂದಿನಂತೆ ಮರದಲ್ಲೇ ಉಳಿಸಿಕೊಂಡ ಗಿಟಾರನ್ನು ಕಟ್ಟಿ, ನಾದ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತೋರಿಸಿಕೊಟ್ಟ. ಸ್ಪ್ರೂಸ್ ನಮ್ಮ ಕಡೆ ಬೆಳೆಯುವುದಿಲ್ಲ, ತರಿಸಿಕೊಳ್ಳಬೇಕು. ಹಲಗೆಯ ಅಂಚಿನಲ್ಲಿ ನೋಡಿದಾಗ ಬೆಳವಣಿಗೆಯ ಗೆರೆಗಳು ನೇರವಾಗಿ ನಿಂತಿರಬೇಕು, ಓರೆಯಾಗಿ ಮಲಗಿರಬಾರದು. ನಿಂತ ಗೆರೆಯ ಹಲಗೆ ಗಟ್ಟಿಯಾಗಿರುತ್ತದೆ, ಕುಗ್ಗುವುದೂ ಕಡಿಮೆ. ಬೆನ್ನು ಮತ್ತು ಪಕ್ಕಗಳಿಗೆ ಜಗತ್ತೇ ಮೆಚ್ಚಿದ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆ. ಆದರೆ ಅದನ್ನು ಪರವಾನಗಿ ಇರುವ ಕಡೆ ರಸೀದಿಯೊಂದಿಗೇ ಕೊಳ್ಳಬೇಕು. ಖಾನಾಪುರದ ಕಡೆಯಿಂದ ಯಾರೋ ಕಡಿಮೆ ಬೆಲೆಗೆ ತಂದುಕೊಡುತ್ತೇನೆಂದರೆ ಒಪ್ಪಿಕೊಳ್ಳಬಾರದು. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು; ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಕಚ್ಚಾ ಮರಕ್ಕೆ ಸಿಗಲಿಲ್ಲ. ಕತ್ತಿಗೆ ಮಹಾಗನಿ ಸಾಕು.

ಮೇಲ್ಹಲಗೆ ಎಂದರೆ ಒಂದೇ ತುಂಡನ್ನು ಪುಸ್ತಕದಂತೆ ಬಿಡಿಸಿ, ಎರಡು ಹಾಳೆಗಳನ್ನು ನಡುವೆ ಕೂಡಿಸಿದ್ದು. ಕೂಡುವ ಅಂಚುಗಳನ್ನು ರಂದಾ ಹೊಡೆದು, ಎರಡನ್ನೂ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಎಲ್ಲಿಯೂ ನುಸುಳಬಾರದು. ಸ್ಟೀಲ್ ತಂತಿಯ ಗಿಟಾರಿಗೆ ಸ್ಪ್ರೂಸ್ ಹಲಗೆಯನ್ನು ಸುಮಾರು 2.8 ಮಿಲಿಮೀಟರಿಗೆ ಇಳಿಸುತ್ತಾರೆ. ಆದರೆ ಅಂಕಿಯೇ ಅಂತಿಮವಲ್ಲ. 3.2 ಮಿಲಿಮೀಟರ್ ತಲುಪಿದ ಮೇಲೆ ಹಲಗೆಯನ್ನು ಮೇಲಿನ ಅಂಚಿನ ಹತ್ತಿರ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಕಿವಿಯ ಪಕ್ಕಕ್ಕೆ ತಂದು, ಬೆರಳ ಗೆಣ್ಣಿನಿಂದ ನಡುವೆ ತಟ್ಟಬೇಕು. ಕುಂಬಾರರ ಹತ್ತಿರ ಗಡಿಗೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆಯೇ ಇದು. ಮೊದಲು ರಟ್ಟು ಬಡಿದಂತೆ ಟಕ್ ಎನ್ನುವ ಹಲಗೆ, ತೆಳುವಾಗುತ್ತ ಹೋದಂತೆ ಸದ್ದನ್ನು ಹಿಡಿದಿಟ್ಟುಕೊಂಡು ಎಳೆಯತೊಡಗುತ್ತದೆ. ಆ ಎಳೆತ ಸ್ಪಷ್ಟವಾದ ಮೇಲೆ ಅಡ್ಡಕ್ಕೆ ಮೆಲ್ಲನೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವಂತಿದ್ದರೆ ಕೆಲಸ ನಿಲ್ಲಿಸಬೇಕು. ಹೆಚ್ಚು ಉಜ್ಜಿದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ.

ಒಳಪಟ್ಟಿಗಳಲ್ಲಿ ಮುಖ್ಯವಾದದ್ದು ಎಕ್ಸ್ ಆಕಾರದ ಜೋಡಿ. ಅಮೆರಿಕದ ಮಾರ್ಟಿನ್ ಗಿಟಾರುಗಳಿಂದ ಬಳಕೆಗೆ ಬಂದ ಈ ವಿನ್ಯಾಸವನ್ನೇ ಸ್ಟೀಲ್ ತಂತಿಯ ಗಿಟಾರುಗಳು ಇಂದಿಗೂ ಅನುಸರಿಸುತ್ತವೆ. ಇವನ್ನೂ ಸ್ಪ್ರೂಸಿನಿಂದಲೇ, ಸುಮಾರು 8 ಮಿಲಿಮೀಟರ್ ದಪ್ಪ, 15 ಮಿಲಿಮೀಟರ್ ಎತ್ತರಕ್ಕೆ ಸೀಳಿಕೊಳ್ಳಬೇಕು. ಅಂಟುವಾಗ ಒತ್ತಿ ಹಿಡಿಯಲು ದುಬಾರಿ ಕ್ಲ್ಯಾಂಪುಗಳು ಬೇಕಿಲ್ಲ. ಹಲಗೆಯ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು ಗಟ್ಟಿ ಹಲಗೆಯನ್ನು ಕಂಬಗಳ ಮೇಲೆ ನಿಲ್ಲಿಸಿ, ನಡುವಿನ ಜಾಗಕ್ಕಿಂತ ಸ್ವಲ್ಪ ಉದ್ದದ ಬಿದಿರ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ಪಟ್ಟಿಯ ಮೇಲೆ ಊರಿದರೆ ಪ್ರತಿ ದಬ್ಬೆಯೂ ಒಂದು ಕ್ಲ್ಯಾಂಪ್. ಅಂಟು ಒಣಗಿದ ಮೇಲೆ ಪಟ್ಟಿಯ ತುದಿಗಳನ್ನು ಉಳಿಯಿಂದ ಇಳಿಜಾರಾಗಿ ಕೆತ್ತುತ್ತ, ಪ್ರತಿ ನಾಲ್ಕು ಎಳೆತಕ್ಕೊಮ್ಮೆ ಹಲಗೆಯನ್ನು ಮತ್ತೆ ತಟ್ಟಿ ಕೇಳಬೇಕು. ಕೋರ್ಸಿನಲ್ಲಿ ಗುರುಗಳ ಕಿವಿ ನಿಮ್ಮ ಕಿವಿಯ ಪಕ್ಕದಲ್ಲಿರುವುದರ ನಿಜವಾದ ಲಾಭ ಈ ಒಂದು ದಿನದಲ್ಲಿ ಸಿಗುತ್ತದೆ.

ಪಕ್ಕಪಟ್ಟಿಗಳನ್ನು 2 ಮಿಲಿಮೀಟರಿಗೆ ತೆಳುಗೊಳಿಸಿ, ಬಿಸಿಯಾದ ಕೊಳವೆಯ ಮೇಲೆ ಬಾಗಿಸುತ್ತಾರೆ. ಇಂತಹ ಕೊಳವೆಯನ್ನು ಬೆಳಗಾವಿಯ ಉದ್ಯಮಬಾಗದ ಯಾವುದೇ ಲೇಥ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ಪೈಪಿನ ತುಂಡಿನಿಂದ ಮಾಡಿಸಿಕೊಂಡು, ಒಳಗಿನಿಂದ ಬಿಸಿ ಗಾಳಿಯ ಗನ್ನಿನಿಂದ ಕಾಯಿಸಬಹುದು. ಹದ ನೋಡಲು ರೊಟ್ಟಿಯ ಹಂಚಿಗೆ ಮಾಡುವಂತೆ ನೀರು ಚಿಮುಕಿಸಿದರೆ ಸಾಕು. ಚೊರ್ರೆಂದು ಒಂದೆರಡು ಸೆಕೆಂಡಿನಲ್ಲಿ ಆರಿದರೆ ಹದ ಬಂದಿದೆ, ಹನಿಗಳು ಮಣಿಯಾಗಿ ಉರುಳಾಡತೊಡಗಿದರೆ ಕಾವು ಹೆಚ್ಚಾಗಿ ಮರ ಕಪ್ಪಾಗುತ್ತದೆ. ಮೊದಲು ಬಾಗಿಸಬೇಕಾದದ್ದು ಗಿಟಾರಿನ ಸೊಂಟ. ಒದ್ದೆ ಮಾಡಿದ ಪಟ್ಟಿಯನ್ನು ಒತ್ತಿ ಹಿಡಿದು ಕಾಯುತ್ತಿದ್ದಂತೆ, ಮೊಂಡಾಗಿದ್ದ ಮರ ಒಮ್ಮೆಲೇ ತೊಗಲಿನಂತೆ ಸಡಿಲಗೊಳ್ಳುವುದು ಅಂಗೈಗೆ ತಿಳಿಯುತ್ತದೆ. ಅದಕ್ಕೂ ಮುಂಚೆ ಬಲ ಹಾಕಿದರೆ ಹೊರಮೈಯಲ್ಲಿ ಎಳೆ ಏಳುತ್ತದೆ. ಬಾಗಿದ ಪಕ್ಕಗಳನ್ನು ಅಚ್ಚಿನೊಳಗೆ ಕೂಡಿಸಿ, ತಲೆಯ ಕಡೆ ಮತ್ತು ಬುಡದ ಕಡೆ ಗಟ್ಟಿ ತುಂಡುಗಳನ್ನಿಟ್ಟು, ಒಳಗಿನ ಅಂಚಿಗೆ ಕಚ್ಚು ಹಾಕಿದ ಪಟ್ಟಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಿಡಿಸಬೇಕು. ನೂರು ಕ್ಲಿಪ್ಪು ಬೇಕಾಗುತ್ತವೆ. ಬಜಾರಿನಲ್ಲಿ ಕೇಳಿದಾಗ ಅಂಗಡಿಯವರು ಮನೆಯಲ್ಲಿ ಮದುವೆಯೇ ಎಂದು ಕೇಳಿದ್ದರು. ಮೇಲ್ಹಲಗೆ ಮತ್ತು ಬೆನ್ನಹಲಗೆಯನ್ನು ಮುಚ್ಚುವ ದಿನ ಮತ್ತೆ ಹೈಗ್ರೋಮೀಟರ್ ನೋಡಬೇಕು.

ಫ್ರೆಟ್‌ಬೋರ್ಡಿನ ಲೆಕ್ಕ ತಿಳಿದರೆ ಸುಲಭ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ, ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್ ಎಂಬ ತುಂಡಿನಿಂದ ಮೊದಲ ಫ್ರೆಟ್ (ಅಡ್ಡಕ್ಕೆ ಕೂರಿಸುವ ಲೋಹದ ಪಟ್ಟಿ) ಎಷ್ಟು ದೂರ ಎಂದು ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಬೇಕು. 650 ಮಿಲಿಮೀಟರ್ ಉದ್ದಕ್ಕೆ ನಟ್‌ನಿಂದ ಮೊದಲ ಫ್ರೆಟ್ 36.48, ಐದನೆಯದು 163.05, ಏಳನೆಯದು 216.18, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 325 ಮಿಲಿಮೀಟರಿಗೆ ಬರುತ್ತದೆ. ಗುರುತು ಹಾಕುವಾಗ ಎಲ್ಲವನ್ನೂ ನಟ್‌ನಿಂದಲೇ ಅಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಅಳೆದರೆ ಸಣ್ಣ ತಪ್ಪುಗಳು ಕೂಡಿಕೊಂಡು ಕೊನೆಗೆ ಅಪಸ್ವರವಾಗುತ್ತವೆ. ಕತ್ತನ್ನು ಕೂಡಿಸುವಾಗ, ಫ್ರೆಟ್‌ಗಳ ಮೇಲಿಟ್ಟ ನೇರ ಪಟ್ಟಿಯ ತುದಿ, ತಂತಿಗಳನ್ನು ಮೇಲ್ಹಲಗೆಗೆ ಹಿಡಿಸುವ ಬ್ರಿಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಕೆಳಗೆ ತಾಗಿದರೆ ತಂತಿಗಳು ಎತ್ತರವಾಗಿ ಬೆರಳು ನೋಯುತ್ತವೆ. ಮೊದಲ ವಾದ್ಯಕ್ಕೆ ಅಂಟಿಸುವ ಕತ್ತಿಗಿಂತ ಬೋಲ್ಟ್ ಹಾಕುವ ಕತ್ತೇ ಉತ್ತಮ, ಬಿಚ್ಚಿ ತಿದ್ದಲು ಬರುತ್ತದೆ.

ಲೈಟ್ ಎನ್ನುವ ಸಾಮಾನ್ಯ ತೆಳು ತಂತಿಗಳ ಒಟ್ಟು ಎಳೆತ 70 ಕಿಲೋಗ್ರಾಂ ದಾಟುತ್ತದೆ, ಅದಷ್ಟನ್ನೂ ಬ್ರಿಜ್‌ನ ಕೆಳಗಿನ ಅಂಟು ತಡೆಯಬೇಕು. ಪೀಠೋಪಕರಣದ ಬಿಳಿ ಅಂಟು ಬೇಸಿಗೆಯ ಕಾವಿನಲ್ಲಿ ಮೆಲ್ಲನೆ ಜಾರುವುದರಿಂದ ಇಲ್ಲಿ ಬೇಡ. ಹಳದಿ ಅಂಟು ಅಥವಾ ಬಡಿಗೇರರು ಹಿಂದೆ ಕಾಯಿಸಿ ಬಳಸುತ್ತಿದ್ದ ತೊಗಲಿನ ಅಂಟು ಸರಿ. ಬ್ರಿಜ್ ಮೇಲೆ ತಂತಿಗಳು ಹಾಯುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್, ಓರೆಯಾಗಿ ಕೂರಬೇಕು: ಸಣ್ಣ ತಂತಿಗೆ ಲೆಕ್ಕದ ಉದ್ದಕ್ಕಿಂತ ಸುಮಾರು 2 ಮಿಲಿಮೀಟರ್, ದಪ್ಪ ತಂತಿಗೆ ಸುಮಾರು 5 ಮಿಲಿಮೀಟರ್ ಹಿಂದಕ್ಕೆ. ಮಿರಜಿನ ತಂಬೂರಿ ಮಾಡುವವರನ್ನು ನೋಡಿದವರು ಇಲ್ಲಿ ಎಡವುತ್ತಾರೆ. ಅಲ್ಲಿ ತಂತಿಗಳು ಕೂರುವ ಕುದುರೆಯನ್ನು ಮೆಲ್ಲನೆ ಇಳಿಜಾರಾಗಿ ಅರೆದು, ತಂತಿ ಅದನ್ನು ಸವರುತ್ತ ಝೇಂಕರಿಸುವಂತೆ ಜವಾರಿ ತೆಗೆಯುತ್ತಾರೆ. ನಮ್ಮ ಮಾತಿನ ಜವಾರಿ ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಗಿಟಾರಿನಲ್ಲಿ ಆ ಝೇಂಕಾರವೇ ದೋಷ, ತಂತಿ ಸ್ಯಾಡಲ್‌ನ ಮುಂದಂಚಿನಿಂದ ಸ್ವಚ್ಛವಾಗಿ ಬಿಟ್ಟು ಹೊರಡಬೇಕು.

ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯ ಉಂಡೆಯಿಂದ ತೆಳ್ಳಗೆ ಹಲವು ದಿನ ಸವರುವುದು ಕಡಿಮೆ ಖರ್ಚಿನ, ನಾದಕ್ಕೆ ಭಾರವಾಗದ ಮಾರ್ಗ. ಮಳೆ ಹಿಡಿದ ದಿನ ಮುಟ್ಟಬಾರದು, ಹೊಳಪಿನೊಳಗೆ ಬಿಳಿ ಮಂಜು ಕೂರುತ್ತದೆ.

ತಂತಿ ಹಾಕಿದ ಮೊದಲ ವಾರ ಹಲಗೆ, ಕತ್ತು ಎರಡೂ ಎಳೆತಕ್ಕೆ ಒಗ್ಗಿಕೊಳ್ಳುತ್ತಿರುತ್ತವೆ, ಆದ್ದರಿಂದ ಸ್ಯಾಡಲನ್ನು ಅವಸರದಲ್ಲಿ ಅರೆಯಬಾರದು. ಎಂಟು ದಿನದ ಮೇಲೆ ಹನ್ನೆರಡನೆಯ ಫ್ರೆಟ್‌ನ ಹತ್ತಿರ ದಪ್ಪ ತಂತಿ 2.5, ಸಣ್ಣ ತಂತಿ 2 ಮಿಲಿಮೀಟರ್ ಎತ್ತರಕ್ಕೆ ಬರುವಂತೆ ಅರೆದುಕೊಳ್ಳಬಹುದು. ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಮಾರ್ಚ್ ಬಂದ ಕೂಡಲೇ ವಾದ್ಯವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟು, ಹಿಂಡಿದ ಸ್ಪಂಜಿನ ತುಂಡನ್ನು ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಾಕಿ ಕತ್ತಿನ ಕೆಳಗೆ ಇಡಬೇಕು. ಬಿಸಿಲು ಜೋರಾದಾಗ ಎರಡು ದಿನಕ್ಕೊಮ್ಮೆ ಅದನ್ನು ಮತ್ತೆ ಒದ್ದೆ ಮಾಡಬೇಕಾಗುತ್ತದೆ. ನನ್ನ ಸೀಳಿದ ಗಿಟಾರಿಗೆ ಒಳಗಿನಿಂದ ಮೂರು ಸಣ್ಣ ಬಿಲ್ಲೆಗಳನ್ನು ಅಂಟಿಸಿದ್ದೇನೆ, ಅದು ಈಗ ಹೀಗೆಯೇ ಪೆಟ್ಟಿಗೆಯಲ್ಲಿ ಬೇಸಿಗೆ ಕಳೆಯುತ್ತದೆ.